ಹೊತ್ತಲ್ಲದ ಹೊತ್ತಿನ ಸೈರನ್ನು

"ಯಾರ್ರೀ ಇದು, ಕೂರೋ ಜಾಗದಲ್ಲಿ ಕರ್ಚೀಫು ಒಣಗಿಸಿರೋದು?"

ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ, ಶಿವಮೊಗ್ಗದಿಂದ ಬಂದು ಮತ್ತೆ ಶಿವಮೊಗ್ಗಕ್ಕೇ ತಿರುಗಿ ನಿಂತಿದ್ದ ಬಸ್ಸಿನಲ್ಲಿ ಹೇಮಶ್ರೀ ಜಗಳಕ್ಕೇ ನಿಂತಿದ್ದಳು. ಆಗಷ್ಟೇ ಇಳಿದುಹೋದ ಹುಡುಗನೊಬ್ಬ ಕಿಟಕಿಯ ಕೆಳಗಿನಿಂದ ಮುಖ ಎತ್ತಿದ.

"ಒಣಗಿಸಿದ್ದಲ್ಲ ರೀ, ಸೀಟು ಹಿಡಿದಿದ್ದು. ನಿಮಗೇ."

"ನಾನು ಕೇಳಿದ್ನಾ?"

"ದಿನಾ ನಿಂತೇ ಹೋಗ್ತೀರಿ. ನೋಡಿ ನೋಡಿ ನಂಗೆ ಕಾಲು ನೋವು ಬಂತು."

ಹಿಂದಿನ ಸೀಟಿನ ಅಜ್ಜಿ ಕಿಸಕ್ಕನೆ ನಕ್ಕರು. ಹೇಮಶ್ರೀ ಹುಬ್ಬು ಗಂಟಿಕ್ಕಿಕೊಂಡೇ ಕೂತಳು. ಆ ಕೋಪ ಮಾತ್ರ ಟಿಕೆಟ್ ತೆಗೆಯದ ಪ್ರಯಾಣಿಕನಂತೆ ಯಾವುದೋ ಸ್ಟಾಪಿನಲ್ಲಿ ಸದ್ದಿಲ್ಲದೆ ಇಳಿದುಹೋಯಿತು.

ದೇವರು ಜೋಡಿ ಕೂಡಿಸುವ ಬಗೆ ನೋಡಿ. ಅವಳು ಹೊಟ್ಟೆಪಾಡಿಗೆ ಭದ್ರಾವತಿಯಿಂದ ಶಿವಮೊಗ್ಗದ ಗಾಂಧಿ ಬಜಾರಿನ ಸೀರೆ ಅಂಗಡಿಗೆ ಹೋಗುವವಳು. ಅವನು, ಶಿವಮೊಗ್ಗದ ಹೊಸಮನೆ ಬಡಾವಣೆಯ ಯೋಗರಾಜ್, ಅದೇ ಹೊಟ್ಟೆಪಾಡಿಗೆ ಭದ್ರಾವತಿಯ ಎರಕದ ಕಾರ್ಖಾನೆಗೆ ಬರುವವನು. ಒಂದೇ ಬಸ್ಸು ಅವನನ್ನು ಇಳಿಸಿ ಅವಳನ್ನು ಹತ್ತಿಸಿಕೊಳ್ಳುತ್ತಿತ್ತು. ನಡುವೆ ಡ್ರೈವರ್ ಟೀ ಕುಡಿಯುವಷ್ಟು ಹೊತ್ತು ಅವರದು. ಅಷ್ಟರಲ್ಲೇ ಅವಳು ಅವನ ರೆಪ್ಪೆಗೆ ಅಂಟಿದ ಹಿಂದಿನ ದಿನದ ಮಸಿ ನೋಡುವಳು. ಅವನು ಅವಳ ಕಿವಿಯ ಹಿಂದಿನ ಕನಕಾಂಬರವನ್ನು ಅವಳಿಗೆ ತಿಳಿಯದಂತೆ ನೋಡುವನು. ಹಾಗೆ ಮಳೆಗಾಲ ಕಳೆದು ಚಳಿ ಬಂತು.

ಪ್ರೀತಿಯ ಜೊತೆಗೇ ಹೆದರಿಕೆಯೂ ಬೆಳೆಯಿತು.

ಹೇಮಶ್ರೀಯ ಅಪ್ಪ ಶಿವಮೂರ್ತಪ್ಪ ಅದೇ ಕಾರ್ಖಾನೆಯಲ್ಲಿ ದುಡಿದವರು. ಸರ್ಕಾರ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುತ್ತದೆಂದು ಗುಲ್ಲೆದ್ದಾಗ ವಿಆರ್‌ಎಸ್ ತೆಗೆದುಕೊಂಡು ಮನೆ ಹಿಡಿದವರು. ಅಂಥವರ ಜಾಗಕ್ಕೆ ಕಾಯಂ ಕೆಲಸಗಾರರು ಬರಲಿಲ್ಲ, ಕಂಟ್ರಾಕ್ಟ್ ಹುಡುಗರು ಬಂದರು, ಯೋಗರಾಜನೂ ಅವರಲ್ಲೊಬ್ಬ. ಅಂಥ ಇನ್ನೊಬ್ಬನ ಕಡೆಯಿಂದ ಪಕ್ಕದ ಮನೆಯವರು ಸಂಬಂಧ ತಂದಾಗ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು: "ಹುಡುಗ ಬಂಗಾರವೇ ಇರಲಿ, ಕಂಟ್ರಾಕ್ಟ್ ಕೆಲಸದೋನಿಗೆ ನನ್ನ ಮಗಳನ್ನ ಕೊಡಲ್ಲ."

"ಯಾವಾಗ ಹೇಳ್ತೀಯಾ ನಿಮ್ಮಪ್ಪಂಗೆ?" ಎಂದು ಯೋಗರಾಜ್ ಕೇಳಿದಾಗಲೆಲ್ಲ ಅವಳು, "ಹಬ್ಬ ಕಳೀಲಿ ಮಾರಾಯ" ಎನ್ನುತ್ತಿದ್ದಳು. ನಮ್ಮಲ್ಲಿ ಹಬ್ಬಕ್ಕೇನು ಬರವೇ?

ಒಂದು ಭಾನುವಾರ, ಯೋಗರಾಜನಿಗೆ ಬೆಳಗಿನ ಶಿಫ್ಟಿದ್ದ ದಿನ, ಅವಳು ತುಳಸಿಗೆ ನೀರೆರೆಯುತ್ತಿದ್ದಾಗ ಸೈರನ್ನು ಕೂಗಿತು.

ಶಿಫ್ಟಿನ ಸೈರನ್ನಿಗೆ ಕಾರ್ಖಾನೆಯ ಕಾಲನಿಯಲ್ಲಿ ನಾಯಿಯೂ ಕಿವಿ ನಿಮಿರಿಸುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಕೂಗಿದರೆ ಮಾತ್ರ ಅದು ಅಪಘಾತದ ಕೂಗು. ಆಗ ಒಳಗೆ ತಮ್ಮವರಿರುವ ಹೆಂಗಸರು ಒಲೆ ಆರಿಸಿ ಗೇಟಿಗೆ ಓಡಬೇಕು. ಉಳಿದವರು ಓಡಬಾರದು, ಬಾಗಿಲಲ್ಲಿ ನಿಂತು ಓಡುವವರಿಗಾಗಿ ದೇವರನ್ನು ಬೇಡಬೇಕು. ಹಿಂದಿನಿಂದ ನಡೆದುಬಂದ ಪದ್ಧತಿ.

ಶಿವಮೂರ್ತಪ್ಪ ಬಾಗಿಲಿಗೆ ಬಂದು ಕೈಮುಗಿದು ನಿಂತರು. "ಯಾರ ಮನೆ ದೀಪವೋ ಏನೋ, ಬೇಡ್ಕೋ ಮಗಳೇ."

ಹೇಮಶ್ರೀ ಕೈಮುಗಿದಳು. ಹಳೇ ನಗರದ ನರಸಿಂಹಸ್ವಾಮಿಯ ಹೆಸರು ನಾಲಿಗೆಗೆ ಬಂತು, ಆದರೆ ಕಾಲು ನಿಲ್ಲಲಿಲ್ಲ. ತಂಬಿಗೆ ಎಲ್ಲಿ ಬಿತ್ತೋ ತಿಳಿಯದು. ಬರಿಗಾಲಲ್ಲಿ ಓಡಿದಳು.

"ಶಿವಮೂರ್ತಪ್ಪನ ಮಗಳು ಯಾಕೆ ಓಡ್ತಿದಾಳೆ? ಒಳಗೆ ಯಾರಿದಾರೆ ಇವಳಿಗೆ?" ಬಾಗಿಲು ಬಾಗಿಲಲ್ಲೂ ಅದೇ ಮಾತು. ಅವಳಿಗೆ ಕೇಳಿಸಿತು. ಕೇಳಿಸಿಯೂ ಓಡಿದಳು.

ಒಳಗೆ ಹೋಗುವವರು ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕಾದ್ದರಿಂದ ಫೋನು ಮಾಡಿ ಕೇಳುವ ಹಾಗೂ ಇರಲಿಲ್ಲ. ಕಾವಲಿನ ಪುಟ್ಟಪ್ಪ ಹೊರಬಂದು, ಕ್ಷೇಮವಾಗಿರುವವರ ಹೆಸರು ಕೂಗತೊಡಗಿದ. ಒಂದೊಂದು ಹೆಸರಿಗೂ ಒಬ್ಬೊಬ್ಬಳು "ನನ್ನಪ್ಪಾ ದೇವರೇ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೆಸರುಗಳು ಬೇಗ ಮುಗಿದವು.

"ಅಷ್ಟೇ. ನಮ್ಮೋರೆಲ್ಲ ಸೇಫು."

"ಯೋಗರಾಜ್?" ಹೇಮಶ್ರೀ ಗೇಟಿನ ಸರಳು ಹಿಡಿದಳು. "ಕ್ರೇನ್ ಕೆಲಸದೋರು."

"ಕಂಟ್ರಾಕ್ಟಾ? ಅವರ ಸುದ್ದಿ ನಮಗೆ ಬರಲ್ಲಮ್ಮ. ಅವರ ಮೇಸ್ತ್ರಿನ ಕೇಳು."

"ಮೇಸ್ತ್ರಿ ಎಲ್ಲಿ?"

"ಭಾನುವಾರ ಅವನ ಫೋನೂ ರಜಾ."

ಒಳಗಿದ್ದೂ ಒಳಗಿನವರಲ್ಲ, ಹೊರಗಿನವರೂ ಅಲ್ಲ. ಹಿರಣ್ಯಕಶಿಪುವಿಗೆ ಸಾವು ಕಾದಿದ್ದು ಅಂಥ ಹೊಸ್ತಿಲಿನಲ್ಲೇ ಅಲ್ಲವೆ? ಅವನೇನೋ ಪಾಪಿ. ಈ ಹುಡುಗರು ಮಾಡಿದ ಪಾಪವೇನು?

"ಒಂದ್ಸಲ ಒಳಗೆ ಹೋಗಿ ನೋಡಿ ಬನ್ನಿ ಅಣ್ಣಾ, ಕೈಮುಗೀತೀನಿ."

"ಅವನು ನಿನಗೆ ಏನಾಗ್ಬೇಕು? ಸಂಬಂಧ ಇಲ್ದೋರಿಗೆಲ್ಲ ನಾನು ಓಡಾಡಕ್ಕಾಗುತ್ತಾ?"

ಹೆಂಗಸರೆಲ್ಲ ಅವಳತ್ತ ತಿರುಗಿದರು. ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಹುಟ್ಟಿದಾಗಿನಿಂದ ಕೇಳಿದ ಕೆಮ್ಮು. ಅಪ್ಪ ಬಂದು ನಿಂತಿದ್ದರು. ಅವಳು ತಿರುಗಲಿಲ್ಲ. ತಿರುಗಿದರೆ ಬಾಯಿ ಕಟ್ಟುತ್ತದೆಂದು ಗೊತ್ತಿತ್ತು.

"ನಮ್ಮನೆಯವರು" ಎಂದಳು.

ಪುಟ್ಟಪ್ಪ ಅವಳ ಬರಿ ಕೊರಳು ನೋಡಿದ, ಹಿಂದೆ ನಿಂತ ಶಿವಮೂರ್ತಪ್ಪನ ಮುಖ ನೋಡಿದ. ಏನೂ ಕೇಳದೆ ಒಳಗೆ ಹೋದ.

ಆಮೇಲಿನ ಹೊತ್ತು ಹೇಗೆ ಸರಿಯಿತೋ ಆ ಸ್ವಾಮಿಗೇ ಗೊತ್ತು. ಅಪ್ಪ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಕೊನೆಗೆ ಶೆಡ್ಡಿನ ಮೂಲೆಯಿಂದ ಒಬ್ಬ ಓಡುತ್ತ ಬಂದ. ಮೈಯೆಲ್ಲ ಗ್ರೀಸು, ಆದರೆ ಎರಡು ಕೈ, ಎರಡು ಕಾಲು ನೆಟ್ಟಗಿದ್ದವು.

"ನಿನ್ ಹೆಂಡ್ತಿ ಗೇಟಲ್ಲಿ ಅಳ್ತಿದಾಳೆ ಅಂದ್ರು" ಯೋಗರಾಜ್ ಏದುಸಿರು ಬಿಡುತ್ತಿದ್ದ. "ನನ್ನ ಮದುವೆ ಯಾವಾಗಾಯ್ತು ಮಾರಾಯ್ತಿ? ನನ್ನನ್ನ ಕರೀಲೇ ಇಲ್ವಲ್ಲ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಏನಾಯ್ತು ಒಳಗೆ?"

"ಏನೂ ಆಗಿಲ್ಲ. ಕಾರ್ಖಾನೆ ಕೊಳ್ಳೋರು ನೋಡಕ್ಕೆ ಬಂದಿದಾರೆ. ಎಲ್ಲ ಒತ್ತಿ ಒತ್ತಿ ನೋಡಿದ್ರು, ಸೈರನ್ನೂ ಒತ್ತಿದ್ರು. ಅದು ಕೂಗಿದ್ರೆ ಇಲ್ಲಿ ಯಾರ ಎದೆ ಒಡೆಯುತ್ತೆ ಅಂತ ಅವರಿಗೇನು ಗೊತ್ತು?" ಅಷ್ಟರಲ್ಲಿ ಶಿವಮೂರ್ತಪ್ಪನನ್ನು ಕಂಡು ಅವನ ನಗು ಇಳಿಯಿತು. ಕೈಕಟ್ಟಿ ನಿಂತ. "ಸಾರ್... ಸುಳ್ಳು ಹೇಳಲ್ಲ. ಅವರು ಕೊಂಡ್ಮೇಲೆ ನಮ್ಮನ್ನ ಇಟ್ಕೋತಾರೋ ಇಲ್ವೋ ಗೊತ್ತಿಲ್ಲ."

ಶಿವಮೂರ್ತಪ್ಪ ಗೇಟಿನ ಸರಳುಗಳನ್ನು ನೋಡುತ್ತ ಮೆಲ್ಲಗೆ ಹೇಳಿದರು: "ಇವಳಮ್ಮ ಇರೋವರೆಗೂ ಇದೇ ಜಾಗದಲ್ಲಿ ನಿಂತು ನಿಂತು ಸವೆದ್ಲು. ನನ್ನ ಹೆಸರಾದ್ರೂ ಕೂಗೋರು. ನಿನ್ನ ಹೆಸರು ಕೂಗೋರೂ ಇಲ್ಲ. ಮಗಳಿಗೆ ಈ ಗೇಟು ಬೇಡ ಅಂತಿದ್ದೆ ಕಣಪ್ಪ, ನೀನು ಬೇಡ ಅಂತಲ್ಲ." ಪಂಚೆಯ ತುದಿಯಿಂದ ಕಣ್ಣೊತ್ತಿಕೊಂಡರು. "ಇವಳೂ ಬಂದು ನಿಂತೇಬಿಟ್ಲು. ಇನ್ನೇನು ಹೇಳೋದು? ಶಿಫ್ಟ್ ಮುಗಿಸ್ಕೊಂಡು ಊಟಕ್ಕೆ ಬಾ."

ಅಷ್ಟು ಹೇಳಿ ಅವರು ತಿರುಗಿ ನೋಡದೆ ಮನೆಯ ದಾರಿ ಹಿಡಿದರು.

ಸರಳಿನ ಈಚೆ ಅವಳು, ಆಚೆ ಅವನು.

"ಹೆದರಿಕೆ ಆಗ್ತಿದೆ ಹೇಮಾ. ನಾಳೆ ಏನೋ ಎಂತೋ."

"ನಂಗೂ ಆಗ್ತಿದೆ. ಇಷ್ಟು ದಿನ ಒಬ್ಬೊಬ್ರೇ ಹೆದರಿದ್ದು ಸಾಕು, ಇನ್ಮೇಲೆ ಜೊತೆಗೇ ಹೆದರೋಣ."

ಅವಳು ಸರಳಿನ ನಡುವೆ ಕೈ ಚಾಚಿದಳು. ಅವನು ತನ್ನ ಗ್ರೀಸಿನ ಕೈ ನೋಡಿಕೊಂಡು ಹಿಂಜರಿದ. ಕಾಲನಿಯ ಹೆಂಗಸರೆಲ್ಲ ನೋಡುತ್ತಿದ್ದಂತೆಯೇ ಹೇಮಶ್ರೀ ಆ ಕೈಯನ್ನು ಎಳೆದು ಹಿಡಿದುಕೊಂಡಳು.