ಹಿಮ್ಮಡಿಯ ಕುಂಕುಮ

"ಫೋಟೋ ಎಲ್ಲೈತ್ರಿ?" ಎಂದು ಶಿವವ್ವ ಕೇಳಿದಾಗ, ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು, ಟವೆಲಿನ ಗಂಟು ಬಿಚ್ಚಿ ಮೇಜಿನ ಮೇಲೆ ಕರಿಮಣ್ಣಿನ ಒಂದು ಹೆಂಟೆ ಇಟ್ಟ.

"ಫೋಟೋ ಇಲ್ರಿ ಅಕ್ಕಾರ. ನಮ್ಮವ್ವ ಒಮ್ಮೆನೂ ತೆಗಿಸಿಕೊಂಡಿಲ್ಲ. ಆಕಿ ದುಡದ ಹೊಲದ ಮಣ್ಣ ಇದು."

ಶಿವವ್ವ ಅವನನ್ನೇ ನೋಡಿದಳು. ಇದೇನು ಹುಚ್ಚೋ, ಹಟವೋ? ಆದರೆ ಆ ಕಣ್ಣು... ಅಳು ನುಂಗಿಕೊಂಡು ಗಟ್ಟಿಯಾಗಿ ನಿಂತಿತ್ತು. ಇಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅದು ಎಂಬತ್ತಾರನೆಯ ಇಸವಿ. ಶಿವವ್ವ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರು. ಸತ್ತವರ ಚಿತ್ರ ಬರೆಸಲು ಸುತ್ತಲಿನ ಊರವರೆಲ್ಲ ಅವಳಲ್ಲಿಗೇ ಬರುತ್ತಿದ್ದರು. ಅವಳ ಸೊಕ್ಕೂ ಅಷ್ಟೇ ಹೆಸರಾಗಿತ್ತು ಬಿಡಿ. "ಸ್ವಲ್ಪ ಬೆಳ್ಳಗ ಮಾಡ್ರಿ" ಎಂದವರಿಗೆ, "ಸುಣ್ಣ ಹಚ್ಚಾಕ ಬ್ಯಾರೆ ಮಂದಿ ಅದಾರ" ಎಂದು ಬಾಗಿಲು ತೋರಿಸಿದವಳು. ನನಗಂತೂ ಅವಳು ಅದಕ್ಕೇ ಇಷ್ಟ.

ಬಂದವನು ಅನಗವಾಡಿಯ ಯಮನಪ್ಪ. ಶಿವವ್ವನ ಹಾಗೆಯೇ ಇನ್ನೂ ಮದುವೆಯಾಗದವನು. ತಾಯಿ ತಾಯವ್ವ ತೀರಿಕೊಂಡು ವರ್ಷವಾಗಲು ಒಂದು ತಿಂಗಳಿತ್ತು. ವರ್ಷ ತುಂಬುವ ದಿನ ಬಳಗದವರ ಮುಂದೆ ಚಿತ್ರ ತೂಗುಹಾಕಿ, ಅದರ ಹಣೆಗೆ ಕುಂಕುಮ ಹಚ್ಚಿ ಪೂಜೆ ಮಾಡಬೇಕು. ಮುತ್ತೈದೆ ಸಾವು, ಅದೇ ವಾಡಿಕೆ.

ನಾಲ್ಕು ಭಾನುವಾರ ಅವನು ಬಂದ. ಮೂಗು ಹೇಗಿತ್ತು, ಕಣ್ಣು ಹೇಗಿತ್ತು ಎಂದು ಶಿವವ್ವ ಕೇಳಲೇ ಇಲ್ಲ.

"ಅವ್ವನ್ನ ನೆನಸಿದ್ರ ಮೊದಲ ಏನ ಕಾಣತೈತ್ರಿ?"

ಯಮನಪ್ಪ ಕಣ್ಣು ಮುಚ್ಚಿಕೊಂಡ. "ಬದುವಿನ ಮ್ಯಾಲೆ ಮುಂದ ಹೊಂಟಿರತಾಳ್ರಿ. ತಲಿಮ್ಯಾಲೆ ಬುತ್ತಿ ಬುಟ್ಟಿ. ನಾ ಸಣ್ಣಾಂವ, ಆಕಿ ಹಿಂದ ಹಿಂದ ಓಡತಿರತೀನಿ."

ಹೇಳುತ್ತಾ ಹೇಳುತ್ತಾ ನಗುತ್ತಿದ್ದ, ಥಟ್ಟನೆ ಮಾತು ನಿಲ್ಲಿಸಿ ಕಿಟಕಿ ನೋಡುತ್ತಿದ್ದ. ಮೂರನೆಯ ಭಾನುವಾರದ ಹೊತ್ತಿಗೆ ಶಿವವ್ವ ಬೆಳಗಿನಿಂದಲೇ ಬಸ್ಸಿನ ಸದ್ದಿಗೆ ಕಿವಿ ಕೊಡತೊಡಗಿದ್ದಳು. 'ಚಿತ್ರ ಬರಿಯೂದ ಬಿಟ್ಟ ಏನ ನಡಸೀ ಶಿವವ್ವಾ ಇದು?' ಎಂದು ತನ್ನನ್ನೇ ಬೈದುಕೊಂಡಳು.

ಚಿತ್ರ ಮುಗಿದದ್ದು ಪೂಜೆಯ ಹಿಂದಿನ ದಿನ. ಅವನು ತಂದ ಮಣ್ಣನ್ನೇ ಅರೆದು, ಗೋಂದು ಕೂಡಿಸಿ ನೆಲದ ಬಣ್ಣ ಮಾಡಿದ್ದಳು. ಆ ನೆಲದ ಮೇಲೆ ತಾಯವ್ವ ಮುಖ ಕಾಣದಂತೆ ಬೆನ್ನು ತೋರಿಸಿ ನಡೆದಿದ್ದಳು. ಪಕ್ಕದಲ್ಲಿ ಜೋಳ, ದೂರದಲ್ಲಿ ಹೊಳೆ. ಎತ್ತಿ ಕಟ್ಟಿದ ಸೀರೆ, ಬಿರುಕುಬಿಟ್ಟ ಹಿಮ್ಮಡಿ. ತನ್ನ ಕೈಯ ಬಗ್ಗೆ ಶಿವವ್ವನಿಗೆ ಅಂದು ತುಂಬ ಹೆಮ್ಮೆಯಾಯಿತು.

ಯಮನಪ್ಪನ ಮುಖ ಮಾತ್ರ ಕಪ್ಪಿಟ್ಟಿತು.

"ಮಾರಿ ಎಲ್ಲೈತ್ರಿ?"

"ನೋಡದ ಮಾರಿ ನಾ ಬರಿಯೂದಿಲ್ಲ."

"ಮತ್ತ ಕುಂಕುಮ ಎಲ್ಲಿ ಹಚ್ಚೂದ್ರಿ? ಮಗನ ಮ್ಯಾಲೆ ಸಿಟ್ಟಾಗಿ ಬೆನ್ನ ತಿರುವಿ ಹೋಗ್ಯಾಳ ಅಂತಾರ ಮಂದಿ. ನೀವೂ ಹಂಗ ತಿಳದೀರೇನ?"

ಅವಳಿಗೆ ಚುರ್ರೆಂದಿತು. ನಾಲ್ಕು ಭಾನುವಾರ ಕೇಳಿಸಿಕೊಂಡದ್ದಕ್ಕೆ ಇದೇ ಮರ್ಯಾದೆಯೇ? ಕಾರಣ ಹೇಳಬಹುದಿತ್ತು. ಹೇಳಲಿಲ್ಲ.

"ಬೇಕಾದ್ರ ಒಯ್ಯಿರಿ, ಬ್ಯಾಡಾದ್ರ ಬಿಡ್ರಿ. ಮಾರಿ ಹಚ್ಚೂದಿಲ್ಲ."

ಬೆಳಗಾದರೆ ಪೂಜೆ, ಬೇರೆ ದಾರಿಯಿಲ್ಲ. ಅವನು ಚಿತ್ರವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ...

ಚಿತ್ರ ಅಟ್ಟ ಸೇರಿತೇ? ಇಲಿ ಕಡಿಯುತ್ತಿವೆಯೇ? ಒಂದು ಮುಖ ಬರೆದುಕೊಟ್ಟಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಆದರೆ ಸುಳ್ಳು ಮುಖ ಬರೆದು ಅವನನ್ನು ಉಳಿಸಿಕೊಳ್ಳುವುದು ಅವಳಿಂದಾಗದು. ಅವನಿಲ್ಲದೆ ಇರುವುದೂ ಆಗದು... ಮೂರನೆಯ ಭಾನುವಾರ, ಗೋಡೆಯ ಮೇಲಿಲ್ಲದಿದ್ದರೆ ಚಿತ್ರ ವಾಪಸು ತಂದೇ ತರುತ್ತೇನೆಂದು ಅನಗವಾಡಿಗೆ ಹೋಗಿಯೇಬಿಟ್ಟಳು.

ಪಡಸಾಲೆಯಲ್ಲಿ ಯಮನಪ್ಪನ ತಂದೆ ಮುದಕಪ್ಪ ಕುಳಿತಿದ್ದ. ಗೋಡೆಯ ಮೇಲೆ ದೇವರ ಪಟಗಳಷ್ಟೇ ಇದ್ದವು.

"ನಾ ಬರದ ಚಿತ್ರ ಕೊಡ್ರಿ ಯಜಮಾನ್ರ, ಒಯ್ತೀನಿ."

"ಬರದಾಕಿ ನೀನೇನವ್ವ? ಕೊಡೂದಿಲ್ಲ." ಮುದುಕ ಕೆಳಗೆ ಕೈ ತೋರಿಸಿದ.

ಚಿತ್ರ ನೆಲದ ಮೇಲೆ, ಮಣೆಯೊಂದರ ಮೇಲೆ ಗೋಡೆಗೆ ಒರಗಿತ್ತು. ತಾಯವ್ವನ ಹಿಮ್ಮಡಿಯ ಮೇಲೆ ಕುಂಕುಮ.

"ಬಳಗದಾವ್ರು ನಕ್ಕರು. ಮಗ ಚಿತ್ರ ಕೆಳಗ ಇಟ್ಟ, ಹಿಮ್ಮಡಕ್ಕ ಕುಂಕುಮ ಹಚ್ಚಿ ಹಣಿ ಮುಟ್ಟಿಸಿದ. ಎಲ್ಲಾರೂ ಗಪ್ ಆದರು." ಮುದಕಪ್ಪನ ಧ್ವನಿ ತಗ್ಗಿತು. "ನಲವತ್ತ ವರ್ಷ ನಾ ಮುಂದ, ಆಕಿ ಹಿಂದ. ಹೆಂಗ ನಡೀತಿದ್ಲು ಅಂತ ನಾ ತಿರುಗಿ ನೋಡೇ ಇಲ್ಲವ್ವ. ಈಗ ದಿನಾ ನೋಡತೀನಿ."

ಶಿವವ್ವನ ಕಣ್ಣು ತುಂಬಿದವು. ತನ್ನ ಚಿತ್ರದ ಮೇಲೆ ಬೇರೆಯವರು ಬೆರಳಿಟ್ಟರೆ ಕೆಂಡವಾಗುತ್ತಿದ್ದವಳು, ಆ ಕೆಂಪು ಕಲೆಯನ್ನು ಹೆಮ್ಮೆಯಿಂದ ನೋಡುತ್ತ ನಿಂತಳು.

ಹೊಲದಿಂದ ಬಂದ ಯಮನಪ್ಪ ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ.

"ಮತ್ತ ಯಾಕ ಬರಲಿಲ್ರಿ?"

"ನಾ ಅಷ್ಟ ಮಾತ ಅಂದ ಮ್ಯಾಲೆ ಯಾವ ಮಾರಿ ಹೊತ್ತ ಬರಲಿ ಅಕ್ಕಾರ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಮ್ಮಪ್ಪ ಸತ್ತಾಗ ನನಗ ಒಂಬತ್ತ ವರ್ಷ. ದಿನಾ ಸೈಕಲ್ ಮ್ಯಾಲೆ ಸಾಲಿಗೆ ಬಿಡತಿದ್ದ. ಹಿಂದ ಕುಂತ ನಾ ನೋಡಿದ್ದು ಆತನ ಬೆನ್ನ. ಮಾರಿ ನೆನಪಾಗವಲ್ದು, ಬೆನ್ನ ಮಾತ್ರ ಈಗ್ಲೂ ಬರದ ತೋರಸ್ತೀನಿ... ಅದಕ್ಕ ನಿಮ್ಮವ್ವನ್ನ ಹಂಗ ಬರದೆ."

"ಅವತ್ತ ಹೇಳಬೇಕಿಲ್ರಿ?"

"ಸೊಕ್ಕ ಬಿಡಲಿಲ್ಲ."

"ಬಿಡಬ್ಯಾಡ್ರಿ. ಆ ಸೊಕ್ಕಿದ್ದದ್ದಕ್ಕ ನಮ್ಮವ್ವ ಮನೀಗೆ ಬಂದ್ಲು." ಅವನು ತಡವರಿಸಿದ. "ಅಕ್ಕಾರ... ನನ್ನ ಮಾರಿ ನೀವು ನೋಡೀರಿ. ಬರೀತೀರೇನ?"

"ನಾಕ ಭಾನುವಾರ ಸಾಲೂದಿಲ್ಲ."

"ಎಷ್ಟ ಬೇಕ್ರಿ?"

"ಮೊದಲ ಅಕ್ಕಾರ ಅನ್ನೂದ ಬಿಡ್ರಿ."

"ಶಿವವ್ವಾ..." ಎಂದ ಅವನು, ಮೆಲ್ಲಗೆ.

"ಹೂಂ. ಜೀವ ಇರೂತನಕ ನನ್ನ ಮುಂದ ಕುಂಡ್ರಬೇಕಾಕೈತಿ."

ಯಮನಪ್ಪ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟ.

"ಹೊಸ್ತಿಲಮ್ಯಾಲೆ ಕುಂಡ್ರಬಾರದಲೇ," ಎಂದು ಮುದಕಪ್ಪ ಗದರಿಸಿದ.

"ಇದೊಂದ ದಿನ ಕುಂಡ್ರಲಿ ಬಿಡ್ರಿ, ಮಾವಾರ," ಎಂದಳು ಶಿವವ್ವ.