ರೇಣವ್ವನ ಲಾರಿ

ಅರವತ್ತೆರಡನೇ ಇಸವಿದಾಗ, ಬೈರಿದೇವರಕೊಪ್ಪದ ನಮ್ಮ ಅಂಗಳದಾಗ ಹಾಡಹಗಲ ನಡದದ್ದಿದು. ನಮ್ಮನಿಯವರು ಲಾರಿ ಇಂಜಿನ್ ಬಿಚ್ಚಿ, ಸರಪಳಿ ಹಾಕಿ ಬೇವಿನ ಗಿಡಕ್ಕ ತೂಗಬಿಟ್ಟಿದ್ರು. ಲಾರಿ ಹಣಿಮ್ಯಾಲ ಅವರ ಸತ್ತ ಮೊದಲನೇ ಹೆಂಡ್ತಿ ರೇಣವ್ವನ ಹೆಸರು. ಆಕಿ ಕಾಡಬಾರದಂತ ಲಗ್ನದಾಗ ನನ್ನ ಕೊರಳಿಗೆ ಆಕಿ ಹೆಸರಿನ ಸವತಿ ತಾಳಿ ಕಟ್ಟಿದ್ರು.

"ಎಷ್ಟ ದಣದಿ ರೇಣಿ," ಅಂತ ಅವರು ಬಾನೆಟ್ ಸವರಿದ್ರು. ನನ್ನ ತಲಿಮ್ಯಾಲ ಆ ಕೈ ಒಂದಿನಾನೂ ಬಿದ್ದಿದ್ದಿಲ್ಲ. ಹೊಟ್ಟಿ ಉರದು, ಸವತಿ ತಾಳಿ ಬಿಚ್ಚಿ ಇಂಜಿನ್ ಇದ್ದ ಜಾಗಾದಾಗ ಒಗದೆ.

"ನೀವೂ ನಿಮ್ಮ ರೇಣಿನೂ ಕೂಡೇ ಇರ್ರಿ!"

ಲಾರಿ ಗುಡುಗುಡು ಚಾಲೂ ಆತು. ಬಿಸಿ ಉಸಿರು ನನ್ನ ಮಾರಿಗೆ ಬಡೀತು. ತಿರುಗಿ ನೋಡಿದ್ರ, ಇಂಜಿನ್ ಗಿಡದಾಗ ತಣ್ಣಗ ತೂಗಾಡಾಕತ್ತಿತ್ತು.

ನಮ್ಮನಿಯವರು ಹೆದರಲಿಲ್ಲ. ದಿನಾ ಮಾತಾಡಿ ರೂಢಿ ಇದ್ದವರಂಗ, "ಸಾಕ ಬಿಡ ರೇಣಿ, ಆಕಿ ಸಣ್ಣಾಕಿ," ಅಂದ್ರು.

ಲಾರಿ ಸುಮ್ಮನಾತು.