ಅವನ ವಾರ, ಅವಳ ವಾರ

"ನೀನ್ಯಾಕೆ ಬಂದೆ?"

ಮಕ್ಕಳ ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಟೊರ್ಕೆಲ್‌ನನ್ನು ಕಂಡೊಡನೆ ಮಾರಿಟ್‌ಳ ಬಾಯಿಂದ ಹೊರಟದ್ದು ಇಷ್ಟೇ. ಎದೆ ಮಾತ್ರ ಬೇರೇನೋ ಕೇಳುತ್ತಿತ್ತು... ಇಷ್ಟು ಸೊರಗಿದ್ದೀಯಲ್ಲ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ?

"ಡಾಕ್ಟರು ಇಬ್ಬರನ್ನೂ ಕರೆದಿದ್ದಾರೆ," ಎಂದ ಅವನು, ಹಿಮ ಹತ್ತಿದ ಟೋಪಿಯನ್ನು ಕೈಯಲ್ಲಿ ಮುದುರುತ್ತಾ.

ಗಂಡ ಹೆಂಡತಿ ಬೇರೆಯಾಗಿ ಎರಡು ವರ್ಷ. ಒಂಬತ್ತರ ಮಗಳು ಟೂವಾ ಒಂದು ವಾರ ಅಮ್ಮನ ಮನೆಯಲ್ಲಿ, ಒಂದು ವಾರ ಅಪ್ಪನ ಮನೆಯಲ್ಲಿ. ದೂರದ ಉತ್ತರದ ಹಿಮದೂರು ಲುಲಿಯೊದಲ್ಲಿ ಅವಳ ತರಗತಿಯ ಎಷ್ಟೋ ಮಕ್ಕಳು ಬೆಳೆಯುವುದು ಹೀಗೆಯೇ. ಶುಕ್ರವಾರ ಬೆಳಿಗ್ಗೆ ಒಬ್ಬರು ಶಾಲೆಗೆ ಬಿಡುವುದು, ಮಧ್ಯಾಹ್ನ ಇನ್ನೊಬ್ಬರು ಕರೆದೊಯ್ಯುವುದು. ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಇನ್ನೊಬ್ಬರ ವಾರದಲ್ಲಿ ಏನು ನಡೆಯಿತೆಂದು ಕೇಳುವುದೂ ಇಲ್ಲ. ಕೇಳಿದರೆ ಅದು ಮರ್ಯಾದೆಯಲ್ಲ.

"ಟೂವಾ, ಈ ಗೆರೆ ಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡಿ ನೋಡೋಣ," ಎಂದರು ಡಾಕ್ಟರ್ ಗುನ್‌ವೋರ್.

"ಅಪ್ಪನ್ನೂ ನಡೆಸಿ. ಖಂಡಿತ ಬೀಳ್ತಾನೆ!"

ಟೂವಾ ನೆಟ್ಟಗೆ ನಡೆದಳು. ಗುನ್‌ವೋರ್ ಅವಳ ಕಣ್ಣಿನಾಳಕ್ಕೆ ಬೆಳಕು ಬಿಟ್ಟು ನೋಡಿದರು, ಮಂಡಿ ತಟ್ಟಿದರು, ಬೆರಳು ಮೂಗಿಗೆ ಮುಟ್ಟಿಸಿದರು.

"ಎಲ್ಲ ಸರಿಯಾಗಿದೆ. ಶಾಲೆಯಿಂದ ಬಂದ ಮೇಲೆ ತಲೆನೋವು, ಬೆಳಕು ಆಗಲ್ಲ, ಮಲಗೆದ್ದರೆ ಹೋಗುತ್ತೆ. ಮಾರಿಟ್, ನಿಮಗೂ ಚಿಕ್ಕಂದಿನಲ್ಲಿ ಹೀಗೇ ಬರ್ತಿತ್ತು ಅಂದ್ರಿ. ಇದು ಮೈಗ್ರೇನ್. ಸ್ಕ್ಯಾನ್ ಬೇಡ."

"ಬೇಡ್ವಾ?" ಮಾರಿಟ್ ಎದ್ದು ನಿಂತಳು. "ನನ್ನ ಮೆಲ್ಕರ್‌ಗೂ ಹೀಗೇ ಬೇಡ ಅಂದಿದ್ರು!"



ಮೆಲ್ಕರ್, ಟೂವಾಳ ಅಣ್ಣ. ತಲೆನೋವೆಂದು ಶುರುವಾಗಿ, ಮೆದುಳಿನ ಗಡ್ಡೆಯಾಗಿ, ಮಣ್ಣಿಗೆ ಹೋದ ಮಗು. 'ಮಾತ್ರೆ ಕೊಟ್ಟು ಸ್ವಲ್ಪ ಕಾಯೋಣ' ಎಂದು ಆಗ ಮೊದಲು ಹೇಳಿದವನು ಟೊರ್ಕೆಲ್. ಆ ಮಾತು ಮಾರಿಟ್‌ಳ ಕಿವಿಯಿಂದ ಇಂದಿಗೂ ಇಳಿದಿರಲಿಲ್ಲ.

ಗುನ್‌ವೋರ್ ಸಿಟ್ಟಾಗಲಿಲ್ಲ. "ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಆದ್ರೆ ಭಯ ಕೇಳಿತು ಅಂತ ಸ್ಕ್ಯಾನ್ ಮಾಡೋಕಾಗಲ್ಲ, ಮಗುವಿನ ಮೈ ಕೇಳಬೇಕು. ಸುಮ್ಮನೆ ಮಾಡಿಸಿದ್ರೆ ಏನೂ ಅಪಾಯ ಇಲ್ಲದ ಯಾವುದೋ ಚುಕ್ಕಿ ಕಾಣುತ್ತೆ. ಆಮೇಲೆ ವರ್ಷಗಟ್ಟಲೆ ಆ ಚುಕ್ಕಿ ಜೊತೆ ಸಂಸಾರ... ಟೊರ್ಕೆಲ್, ನಿಮ್ಮ ವಾರದಲ್ಲಿ ಹೇಗಿರ್ತಾಳೆ?"

ಅವನು ತಲೆ ತಗ್ಗಿಸಿದ. "ಬೆಳಗಿನ ಜಾವ... ನೋವಿಗೇ ಎಚ್ಚರ ಆಗುತ್ತೆ ಅವಳಿಗೆ. ವಾಂತಿ ಮಾಡ್ತಾಳೆ. ಆಮೇಲೆ ಸರಿಹೋಗ್ತಾಳೆ."

"ಯಾವಾಗಿಂದ?"

"ಚಳಿ ಶುರುವಾದಾಗಿಂದ. ಈಚೆಗೆ ಜಾಸ್ತಿ."

"ನನಗ್ಯಾಕೆ ಹೇಳ್ಲಿಲ್ಲ?" ಮಾರಿಟ್ ಕೂಗಿದಳು. "ಮತ್ತೆ ಕಾಯೋಣ ಅಂತಾನಾ? ಇವಳೂ ಹೋಗೋವರೆಗೆ?"

 

ಉತ್ತರ ಬಂದದ್ದು ಟೂವಾಳ ಸಣ್ಣ ದನಿಯಲ್ಲಿ.

"ಅಪ್ಪನ್ನ ಬೈಬೇಡಮ್ಮಾ. ನಿನ್ನ ಮನೇಲೂ ಬರುತ್ತೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ವಾಂತಿ ಮಾಡ್ಕೊಂಡು ಬರ್ತೀನಿ. ಹೇಳಿದ್ರೆ ನೀನು ಅಳ್ತೀಯಲ್ಲ..."

ಅಯ್ಯೋ ದೇವರೇ! ನನ್ನ ಕಣ್ಣೀರಿಗೆ ಹೆದರಿ, ನನ್ನ ಕೂಸು ನೋವನ್ನು ನುಂಗಿತೇ?

ಗುನ್‌ವೋರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ನನ್ನ ಮಾತು ವಾಪಸ್ ತಗೋತೀನಿ. ನಿದ್ದೆಯಿಂದ ಎಬ್ಬಿಸೋ ನೋವು, ಬೆಳಗಿನ ವಾಂತಿ, ಅದೂ ಬರ್ತಾ ಬರ್ತಾ ಜಾಸ್ತಿ. ನೀವು ಇಷ್ಟು ದಿನ ಅರ್ಧ ಅರ್ಧ ಮಗುವನ್ನ ನೋಡ್ತಿದ್ರಿ, ನನಗೂ ಅರ್ಧವೇ ಸಿಕ್ಕಿತ್ತು. ಸ್ಕ್ಯಾನ್ ಬೇಕು. ಇವತ್ತೇ."

ಸ್ಕ್ಯಾನ್ ಕೋಣೆಯೊಳಗೆ ಒಬ್ಬರಿಗಷ್ಟೇ ಪ್ರವೇಶ.

"ನೀನು ಹೋಗು," ಎಂದ ಟೊರ್ಕೆಲ್. ಅವನ ತುಟಿ ಬಿಳಿಚಿತ್ತು.

"ಮೆಲ್ಕರ್‌ನ ಒಳಗೆ ಕರ್ಕೊಂಡು ಹೋದಾಗಲೂ ನೀನು ಹೊರಗೇ ನಿಂತಿದ್ದೆ. ಈ ಸಲ ನೀನು ಹೋಗು."

ಅವನು ಹೋದ. ಬಾಗಿಲು ಮುಚ್ಚುವ ಮುನ್ನ ಅವಳು ಕಂಡದ್ದು, ಮಗಳ ಪುಟ್ಟ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಅವನ ಬಾಗಿದ ಬೆನ್ನು.

ಮಾರಿಟ್ ಬೆಂಚಿನ ಮೇಲೆ ಕೈಮುಗಿದು ಕುಳಿತಳು. ಸ್ವಾಮಿ, ಒಂದನ್ನು ಕೊಟ್ಟೆ, ಹಿಂದಕ್ಕೆ ಕರೆದುಕೊಂಡೆ. ನಾನು ಬಾಯಿ ಬಿಡಲಿಲ್ಲ. ಇದನ್ನು ಬಾಯಿ ಬಿಟ್ಟು ಬೇಡುತ್ತೇನೆ. ಇದನ್ನು ಬಿಟ್ಟುಬಿಡು...

ಉತ್ತರದ ಚಳಿಗಾಲ, ಮಧ್ಯಾಹ್ನವೇ ಕಿಟಕಿಯಾಚೆ ಕತ್ತಲಾಗಿತ್ತು. ಟೂವಾಳಿಗೆ ನರ್ಸ್ ಬಟ್ಟೆ ತೊಡಿಸುತ್ತಿರುವಾಗ ಗುನ್‌ವೋರ್ ಬಂದರು.

"ಗಡ್ಡೆ ಇಲ್ಲ. ಏನೂ ಇಲ್ಲ! ಮೈಗ್ರೇನೇ. ಅದಕ್ಕೆ ಔಷಧಿ ಇದೆ, ಜೊತೆಗೆ ನಾನಿದ್ದೀನಿ."

ಟೊರ್ಕೆಲ್ ಗೋಡೆಗೆ ಒರಗಿದವನು ಹಾಗೆಯೇ ಜಾರಿ ನೆಲಕ್ಕೆ ಕುಸಿದ. ಅವನ ಗಂಟಲಿನಿಂದ ಹೊರಬಿದ್ದದ್ದು ಟೂವಾಳ ಹೆಸರಲ್ಲ.

"ಮೆಲ್ಕರ್... ನನ್ನ ಕಂದಾ..."

ಅವನು ಅತ್ತದ್ದನ್ನು ಮಾರಿಟ್ ಕಂಡದ್ದು ಅದೇ ಮೊದಲು. ಅವಳೂ ನೆಲದ ಮೇಲೆ ಕುಳಿತಳು.

"ನೀನು ಅಳೋದೇ ಇಲ್ಲ ಅಂದ್ಕೊಂಡಿದ್ದೆ. ಮಣ್ಣು ಮಾಡಿದ ಮಾರನೇ ವಾರ ಕೆಲಸಕ್ಕೆ ಹೋದೆಯಲ್ಲೋ... ನನ್ನ ಅಳು ನಿನಗೆ ಭಾರ ಆಯ್ತು, ಅದಕ್ಕೇ ಬಿಟ್ಟುಹೋದೆ ಅಂತ..."

"ಕಾಯೋಣ ಅಂದವನು ನಾನು, ಮಾರಿಟ್. ನನ್ನ ಮುಖ ನೋಡಿದಾಗಲೆಲ್ಲ ನಿನಗೆ ಅದೇ ಕೇಳಿಸುತ್ತೆ ಅಂತ ಮನೆ ಬಿಟ್ಟೆ. ನಿನ್ನ ಮೇಲಿನ ಪ್ರೀತಿ ಎಲ್ಲೂ ಹೋಗಿಲ್ಲ ಕಣೇ."

"ಕೇಳಿಸ್ತಿತ್ತು. ಈಗಲೂ ಕೇಳಿಸುತ್ತೆ." ಅವಳು ಅವನತ್ತ ಸರಿದಳು. "ಆದ್ರೆ ಅವತ್ತು ನಾನೂ ಹೂಂ ಅಂದಿದ್ದೆ, ಟೊರ್ಕೆಲ್. ಅದನ್ನ ಯಾರ ಮುಂದೇನೂ ಒಪ್ಪಿಕೊಂಡಿಲ್ಲ... ನಿನ್ನ ಮುಂದೆ ಕೂಡ."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಬೆಳಗಿನ ಜಾವ ಅವಳು ಎದ್ದರೆ ನಾನೊಬ್ಬಳೇ ಸಾಲಲ್ಲ," ಎಂದಳು ಮಾರಿಟ್. "ಮನೆಗೆ ಬಾ."

"ರಾತ್ರಿಯೆಲ್ಲ ಅಳ್ತೀನೇನೋ ಕಣೇ... ಈಗ ತಾನೇ ಶುರುವಾಗಿದೆ, ನಿಲ್ಲೋ ಹಾಗೆ ಕಾಣಲ್ಲ."

"ಅಳು. ನಾನು ಎದ್ದಿರ್ತೀನಿ."